ಒಳ್ಳೆಯ ಶಾಲೆಯ ಗುಟ್ಟೇನು? ನುರಿತ ಶಿಕ್ಷಕರಿಂದ ನಾವು ಕಲಿಯಬಹುದಾದ ಪಾಠಗಳು

ಕಿಂಗ್ಸ್‌ಬರಿ, ಲಂಡನ್: ಅಕ್ಟೋಬರ್ ಬಂತೆಂದರೆ ನಮ್ಮ ಕನ್ನಡಿಗರ ಮನೆಗಳಲ್ಲಿ ದಸರಾ ಗೊಂಬೆ, ದೀಪಾವಳಿ ಕಾರ್ಯಕ್ರಮದ ಟಿಕೆಟ್ಟು, ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸು ಇವುಗಳ ಜೊತೆಗೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. "ಮಗೂಗೆ ಯಾವ ಸ್ಕೂಲು ಹಾಕ್ತಿದ್ದೀರಿ?" ಸೆಕೆಂಡರಿ ಶಾಲೆಗೆ ಹೋಗುವ ಮಕ್ಕಳ ಅರ್ಜಿಗೆ ಅಕ್ಟೋಬರ್ 31 ಕೊನೆಯ ದಿನ. ರಿಸೆಪ್ಷನ್ ಸೇರುವ ಪುಟಾಣಿಗಳಿಗೆ ಜನವರಿ 15. ಆ ಹೊತ್ತಿಗೆ ಯಾರ ಮನೆಯ ಊಟಕ್ಕೆ ಹೋದರೂ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಶಾಲೆಗಳದ್ದೇ ಚರ್ಚೆ. "ಅದು ಔಟ್‌ಸ್ಟ್ಯಾಂಡಿಂಗ್ ಅಂತೆ ಕಣ್ರೀ", "ಇದು ಬರೀ ಗುಡ್ ಅಂತೆ, ಬೇಡ ಬಿಡಿ" ಎಂದು ಅಲ್ಲಿಗೇ ತೀರ್ಪು!

ಈ ಲೇಖನ ಬರೆಯುತ್ತಿರುವ ನಾನೂ ಹಾಗೆಯೇ ಕೇಳಿದವಳು. ಕಿಂಗ್ಸ್‌ಬರಿಗೆ ಮನೆ ಹುಡುಕಿಕೊಂಡು ಬಂದಾಗ ಜ್ಯೂಬಿಲಿ ಲೈನ್ ಎಷ್ಟು ಹತ್ತಿರ, ಭಾರತದ ತರಕಾರಿ ಎಲ್ಲಿ ಸಿಗುತ್ತದೆ ಎಂದು ನೋಡಿದ ಮೇಲೆ ಮೂರನೆಯದಾಗಿ ನೋಡಿದ್ದು ಶಾಲೆಗಳ ಪಟ್ಟಿಯನ್ನು. ಜಾರ್ಜ್ ಮೈಕೆಲ್ ಎಂಬ ಪ್ರಸಿದ್ಧ ಹಾಡುಗಾರ ಚಿಕ್ಕಂದಿನಲ್ಲಿ ಓದಿದ ಶಾಲೆ ನಮ್ಮ ಕಿಂಗ್ಸ್‌ಬರಿ ಹೈಸ್ಕೂಲು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಒಂದು ಶಾಲೆ ಒಳ್ಳೆಯದು ಎನ್ನುವುದು ಯಾವುದರಿಂದ, ಒಳ್ಳೆಯ ಮೇಷ್ಟ್ರು ಎಂದರೆ ಯಾರು ಎಂಬುದನ್ನು ಮಾತ್ರ ನಾನು ಯೋಚಿಸಿಯೇ ಇರಲಿಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ ನಾನೇ ಸೀಮೆಸುಣ್ಣ ಹಿಡಿದು ನಿಂತು, ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದಾಗ ಯೋಚಿಸಬೇಕಾಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಒಂದೇ ಪದದ ತೀರ್ಪು

ಇಂಗ್ಲೆಂಡಿನ ಶಾಲೆಗಳನ್ನು ತಪಾಸಣೆ ಮಾಡುವ ಸಂಸ್ಥೆ ಆಫ್‌ಸ್ಟೆಡ್ ಎಂಬುದು ನಮಗೆಲ್ಲ ಗೊತ್ತು. 1992ರಲ್ಲಿ ಹುಟ್ಟಿದ ಈ ಸಂಸ್ಥೆ ಬಹಳ ವರ್ಷ ಇಡೀ ಶಾಲೆಗೆ ಒಂದೇ ಪದದ ದರ್ಜೆ ಕೊಡುತ್ತಿತ್ತು. ನಮ್ಮ ಊರಿನ ರ್‍ಯಾಂಕ್ ಪದ್ಧತಿಗೆ ಒಗ್ಗಿಕೊಂಡ ನಮಗೆ ಇದು ಬಹಳ ಹಿಡಿಸಿತು. ನೋಡಲು ಸುಲಭ, ಹೋಲಿಸಲೂ ಸುಲಭ.

ಆದರೆ ಒಂದು ಪದಕ್ಕೆ ಎಷ್ಟು ಭಾರ ಇರಬಹುದು ಎಂಬುದು 2023ರಲ್ಲಿ ಇಡೀ ದೇಶಕ್ಕೆ ತಿಳಿಯಿತು. ರೆಡಿಂಗ್ ಪಟ್ಟಣದ ಕ್ಯಾವರ್‌ಶಮ್ ಪ್ರೈಮರಿ ಶಾಲೆಯ ಮುಖ್ಯೋಪಾಧ್ಯಾಯಿನಿ ರೂತ್ ಪೆರಿ ಅವರ ಶಾಲೆ 2022ರ ನವೆಂಬರ್ ತಪಾಸಣೆಯಲ್ಲಿ ಅತ್ಯುತ್ತಮ ದರ್ಜೆಯಿಂದ ಒಮ್ಮೆಲೇ ಕಡೆಯ ದರ್ಜೆಗೆ ಇಳಿಯಿತು. ವರದಿ ಹೊರಬೀಳುವ ಮೊದಲೇ, 2023ರ ಜನವರಿಯಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಸಾವಿಗೆ ಆ ತಪಾಸಣೆಯೂ ಒಂದು ಕಾರಣವೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಹೇಳಿದರು. 2024ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟು ದರ್ಜೆ ಕೊಡುವುದನ್ನು ನಿಲ್ಲಿಸಲಾಯಿತು. 2025ರ ನವೆಂಬರಿನಿಂದ ಬೇರೆ ಬೇರೆ ವಿಷಯಗಳಿಗೆ ಬೇರೆ ಬೇರೆ ದರ್ಜೆ ತೋರಿಸುವ ರಿಪೋರ್ಟ್ ಕಾರ್ಡ್ ಬಂದಿದೆ.

ಅಂದರೆ "ಅದು ಔಟ್‌ಸ್ಟ್ಯಾಂಡಿಂಗ್ ಅಂತೆ" ಎಂಬ ನಮ್ಮ ಹಳೆಯ ಮಂತ್ರ ಈಗ ನಡೆಯುವುದಿಲ್ಲ. ತಂದೆತಾಯಿಗಳಾದ ನಾವು ಶಾಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಲು ಕಲಿಯಬೇಕು. ಹಾಗಾದರೆ ಏನನ್ನು ನೋಡಬೇಕು? ಮೂವತ್ತು ನಲವತ್ತು ವರ್ಷ ಪಾಠ ಹೇಳಿದವರು, ಶಾಲೆ ನಡೆಸಿದವರು ಏನನ್ನು ನೋಡುತ್ತಾರೋ ಅದನ್ನೇ. ಅದಕ್ಕೆ ನಮ್ಮ ಬ್ರೆಂಟ್‌ನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ.

ಗೇಟಿನ ಬಳಿ ನಿಂತ ಟೀಚರ್

ಕಿಂಗ್ಸ್‌ಬರಿಯಿಂದ ವೆಂಬ್ಲಿ ದಾಟಿದರೆ ಆಲ್ಪರ್ಟನ್. ಅಲ್ಲಿಯ ಆಲ್ಪರ್ಟನ್ ಕಮ್ಯೂನಿಟಿ ಸ್ಕೂಲಿನಲ್ಲಿ ಚಿತ್ರಕಲೆ ಮತ್ತು ಜವಳಿ ಕಲೆ ಕಲಿಸುತ್ತಿದ್ದ ಆಂಡ್ರಿಯಾ ಝಫಿರಾಕು ಅವರಿಗೆ 2018ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಸಿಕ್ಕಿತು. ಕೇರಳ ಮೂಲದ ಸನ್ನಿ ವರ್ಕಿ ಅವರ ಪ್ರತಿಷ್ಠಾನ ಕೊಡುವ ಹತ್ತು ಲಕ್ಷ ಡಾಲರಿನ ಈ ಬಹುಮಾನ ಬ್ರಿಟನ್ನಿನ ಶಿಕ್ಷಕರೊಬ್ಬರಿಗೆ ಬಂದದ್ದು ಅದೇ ಮೊದಲು. ಗಣಿತವಲ್ಲ, ವಿಜ್ಞಾನವಲ್ಲ, ನಾವು "ಡ್ರಾಯಿಂಗ್ ಕ್ಲಾಸು ತಾನೇ" ಎಂದು ಮೂಗು ಮುರಿಯುವ ವಿಷಯದ ಟೀಚರ್!

ಅವರು ಮಾಡಿದ್ದೇನು? ಬ್ರೆಂಟ್‌ನ ಶಾಲೆಗಳಲ್ಲಿ ಎಷ್ಟು ಭಾಷೆಯ ಮಕ್ಕಳಿದ್ದಾರೆಂದು ನಮ್ಮ ಮಕ್ಕಳ ಕ್ಲಾಸ್ ಫೋಟೋ ನೋಡಿದರೇ ಗೊತ್ತಾಗುತ್ತದೆ. ಆಲ್ಪರ್ಟನ್ನಿಗೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಮಾತಿಲ್ಲ. ಒಂದೇ ಮನೆಯಲ್ಲಿ ಹಲವು ಕುಟುಂಬಗಳು ಇರುವುದರಿಂದ ಕೂತು ಓದಲು ಜಾಗವಿರದ ಮಕ್ಕಳೂ ಇದ್ದರು. ಈ ಟೀಚರ್ ಮಕ್ಕಳ ಹತ್ತಾರು ಭಾಷೆಗಳಲ್ಲಿ ನಮಸ್ಕಾರ, ಹೇಗಿದ್ದೀಯಾ ಎನ್ನುವಷ್ಟಾದರೂ ಕಲಿತರು. ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳನ್ನು ಬರಮಾಡಿಕೊಂಡರು. ಮಕ್ಕಳ ಮನೆಗೆ ಹೋದರು, ಅವರ ಜೊತೆ ಬಸ್ಸಿನಲ್ಲಿ ಪ್ರಯಾಣ ಮಾಡಿದರು. ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಜೊತೆ ಆಟಕ್ಕೆ ಕಳುಹಿಸಲು ಒಪ್ಪದ ಮನೆಗಳಿವೆ ಎಂದು ಗೊತ್ತಾದಾಗ, ಹೆಣ್ಣುಮಕ್ಕಳಿಗೇ ಪ್ರತ್ಯೇಕ ಆಟದ ಸಮಯ ಬರುವಂತೆ ವೇಳಾಪಟ್ಟಿ ಬದಲಾಯಿತು. ಆ ಶಾಲೆಯ ಹುಡುಗಿಯರ ಕ್ರಿಕೆಟ್ ತಂಡ ಕಪ್ಪು ಗೆದ್ದು ತಂದಿತು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಭಾಷೆ ಕಲಿಯುವುದು, ಮನೆಗೆ ಹೋಗುವುದು ಒಬ್ಬ ಟೀಚರ್ ತಾನಾಗಿಯೇ ಮಾಡಬಹುದಾದ ಕೆಲಸ. ಆದರೆ ವೇಳಾಪಟ್ಟಿ ಬದಲಾಯಿಸುವುದು ಒಬ್ಬರ ಕೈಯಲ್ಲಿಲ್ಲ. ಅದಕ್ಕೆ ಶಾಲೆ ನಡೆಸುವವರು ಒಪ್ಪಬೇಕು, ಬೇರೆ ಶಿಕ್ಷಕರು ತಮ್ಮ ಗಂಟೆಗಳನ್ನು ಹೊಂದಿಸಿಕೊಳ್ಳಬೇಕು. ಬಹುಮಾನ ಒಬ್ಬರಿಗೆ ಬಂದರೂ ಅದರ ಹಿಂದೆ ಒಂದು ಶಾಲೆಯೇ ಇತ್ತು.

ಸೊಲ್ಲಾಪುರದ ಕನ್ನಡ ಹುಡುಗಿಯರು

ಎರಡು ವರ್ಷದ ಮೇಲೆ, 2020ರ ಡಿಸೆಂಬರ್ 3ರಂದು ಇದೇ ಬಹುಮಾನ ಕನ್ನಡಿಗರಾದ ನಮಗೆ ಇನ್ನೂ ಹತ್ತಿರವಾಯಿತು. ಕೊರೊನಾ ಕಾಲವಾದ್ದರಿಂದ ಸಮಾರಂಭ ಇಂಟರ್ನೆಟ್ಟಿನಲ್ಲೇ ನಡೆಯಿತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ ನಟ ಸ್ಟೀಫನ್ ಫ್ರೈ ಹೆಸರು ಓದಿದರು: ರಣಜಿತ್‌ಸಿಂಹ ದಿಸಾಳೆ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಮೇಷ್ಟ್ರು.

ಸೊಲ್ಲಾಪುರ ಎಂದರೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಅಂಟಿಕೊಂಡ ಗಡಿ ಜಿಲ್ಲೆ. ಕನ್ನಡ ಮಾತನಾಡುವ ಕುಟುಂಬಗಳು ಅಲ್ಲಿ ಬಹಳ. ಪ್ರಶಸ್ತಿಯ ಸಂದರ್ಭದಲ್ಲಿ ಕೊಟ್ಟ ವಿವರದ ಪ್ರಕಾರ, 2009ರಲ್ಲಿ ದಿಸಾಳೆ ಆ ಶಾಲೆಗೆ ಬಂದಾಗ ಕಟ್ಟಡ ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಹುಡುಗಿಯರ ಮನೆಮಾತು ಕನ್ನಡ, ಪಠ್ಯಪುಸ್ತಕ ಮಾತ್ರ ಬೇರೆ ಭಾಷೆಯದು. ಮೇಷ್ಟ್ರು ಅದೇ ಊರಿನಲ್ಲಿ ಮನೆ ಮಾಡಿ ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮಕ್ಕಳ ಭಾಷೆಗೆ ಹೊಂದುವಂತೆ ಮಾಡಿ, ಪುಟಗಳಲ್ಲಿ ಕ್ಯೂಆರ್ ಕೋಡ್ ಸೇರಿಸಿ, ಪದ್ಯ, ಕಥೆ, ವಿಡಿಯೋ ಪಾಠಗಳನ್ನು ಮೊಬೈಲಿನಲ್ಲೇ ಕೇಳುವ ನೋಡುವ ಹಾಗೆ ಮಾಡಿದರು. ಗೆದ್ದ ಹಣದಲ್ಲಿ ಅರ್ಧವನ್ನು ಕಡೆಯ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಅಲ್ಲೇ ಘೋಷಿಸಿದರು. ಆ ಒಂಬತ್ತರಲ್ಲಿ ಒಬ್ಬರು ನಮ್ಮ ಲಂಡನ್ನಿನ ಕಿಂಗ್‌ಸ್ಟನ್‌ನ ಟಿಫಿನ್ ಶಾಲೆಯ ಗಣಿತದ ಮೇಷ್ಟ್ರು ಜೇಮಿ ಫ್ರಾಸ್ಟ್.

ಬ್ರೆಂಟ್‌ನ ಟೀಚರಿಗೂ ಸೊಲ್ಲಾಪುರದ ಮೇಷ್ಟ್ರಿಗೂ ಏನು ಸಂಬಂಧ? ಒಂದೇ. ಇಬ್ಬರೂ ಕಲಿಸುವುದಕ್ಕೆ ಮೊದಲು ತಾವು ಕಲಿತರು. ತಮ್ಮ ವಿಷಯವನ್ನಷ್ಟೇ ಅಲ್ಲ, ಎದುರಿಗೆ ಕೂತ ಮಗುವನ್ನು ಕಲಿತರು. ನುರಿತ ಶಿಕ್ಷಕರನ್ನು ಯಾರನ್ನೇ ಕೇಳಿ, ಮೊದಲ ಪಾಠ ಇದೇ ಎನ್ನುತ್ತಾರೆ.

ಬೆಂಗಳೂರಿನಲ್ಲಿ ಓದಿದವರಿಗೆ ಇದು ಹೊಸದಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡಮನೆಯಿಂದ ಬಂದು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಅವರು 2005ರಲ್ಲಿ ತೀರಿಕೊಳ್ಳುವವರೆಗೂ ಇದ್ದದ್ದು ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಹುಡುಗರ ಮಧ್ಯೆಯೇ ಇದ್ದವರಿಗೆ ಹುಡುಗರ ಕಷ್ಟಸುಖ ಯಾರೂ ಬಂದು ವರದಿ ಮಾಡಬೇಕಾಗಿರಲಿಲ್ಲ.

ಮೂರು ಸೆಕೆಂಡ್ ಸುಮ್ಮನಿರುವುದು

ಮಗುವನ್ನು ಅರಿಯುವುದು ಎಂದರೆ ಬರೀ ಪ್ರೀತಿ ತೋರಿಸುವುದಲ್ಲ. ಅದಕ್ಕೆ ಕಸುಬಿನ ಕೆಲವು ಸೂಕ್ಷ್ಮಗಳಿವೆ. ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಇವು ಮನೆಯಲ್ಲೂ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತನ್ನು ಟೇಪ್ ಮಾಡಿ ಕೇಳಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್! ಅಷ್ಟರಲ್ಲಿ ಯಾರೂ ಹೇಳದಿದ್ದರೆ ಇನ್ನೊಂದು ಪ್ರಶ್ನೆ, ಇಲ್ಲವೇ ತಾವೇ ಉತ್ತರ. ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಎನ್ನುವವರು ಕಡಿಮೆಯಾದರು, ಎಂದೂ ಬಾಯಿ ಬಿಡದ ಮಕ್ಕಳು ಮಾತನಾಡತೊಡಗಿದರು. ಮೂರು ಸೆಕೆಂಡ್ ಎಂದರೆ ಏನು ಮಹಾ ಎನ್ನಬೇಡಿ. ಮುಂದೆ ನಿಂತು ಸುಮ್ಮನಿರಲು ಪ್ರಯತ್ನಿಸಿ ನೋಡಿ, ಯುಗವಾದಂತೆ ಅನಿಸುತ್ತದೆ.

ಎರಡನೆಯದು ಮಾರ್ಕ್ಸು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಎಂಬ ಇಬ್ಬರು 1998ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ, ತರಗತಿಯೊಳಗೆ ದಿನದಿನವೂ ನಡೆಯುವ ಪರೀಕ್ಷೆ ಹೇಗಿರಬೇಕೆಂದು ಬರೆದರು. ಅವರು ಎತ್ತಿ ಹೇಳಿದ ಅಧ್ಯಯನಗಳಲ್ಲಿ ರೂತ್ ಬಟ್ಲರ್ ಅವರದು (1988) ಬಹಳ ಸ್ವಾರಸ್ಯಕರ. ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು, ಕೆಲವರಿಗೆ ಬರೀ ಸಲಹೆ ಬರೆದು ಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಎರಡೂ ಕೊಟ್ಟವರೇ ಮುಂದೆ ಬರುತ್ತಾರೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮುಂದೆ ಬಂದವರು ಬರೀ ಸಲಹೆ ಪಡೆದವರು. ಅಂಕ ಕಂಡ ಕೂಡಲೇ ಮಗುವಿನ ಕಣ್ಣು ಪಕ್ಕದವನ ಹಾಳೆಯ ಕಡೆ ಹೋಗುತ್ತದೆ, ಸಲಹೆಯ ಕಡೆ ಹೋಗುವುದಿಲ್ಲ.

ಶಾಲೆಯಿಂದ ಬಂದ ಮಗುವನ್ನು ಬಾಗಿಲಲ್ಲೇ ತಡೆದು "ಎಷ್ಟು ಬಂತು? ಕ್ಲಾಸಿಗೆ ಹೈಯೆಸ್ಟ್ ಎಷ್ಟು?" ಎಂದು ಕೇಳುವ ನಮಗೆಲ್ಲ ಇದು ಸ್ವಲ್ಪ ಚುಚ್ಚುವ ಮಾತೇ. ನನಗಂತೂ ಚುಚ್ಚಿತು.

ಮುಖ್ಯೋಪಾಧ್ಯಾಯರ ಕೆಲಸ ಯಾವುದು?

ಒಬ್ಬ ಒಳ್ಳೆಯ ಟೀಚರ್ ಸಿಕ್ಕರೆ ಮಗುವಿನ ಅದೃಷ್ಟ. ಶಾಲೆಯ ತುಂಬ ಒಳ್ಳೆಯ ಟೀಚರುಗಳಿದ್ದರೆ ಅದು ಅದೃಷ್ಟವಲ್ಲ, ಅದು ಯಾರೋ ಮಾಡಿದ ಕೆಲಸ. ಕೆನ್ನೆತ್ ಲೀತ್‌ವುಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಶಾಲೆಯ ಒಳಗಿನ ಸಂಗತಿಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುವುದು ತರಗತಿಯ ಪಾಠ. ಅದಾದ ಮೇಲೆ ಎರಡನೆಯ ಸ್ಥಾನ ಶಾಲೆಯ ನಾಯಕತ್ವಕ್ಕೆ.

ನಾಯಕತ್ವ ಎಂದರೆ ಯಾವ ರೀತಿಯದು? ನಮ್ಮ ಕಾಲದ ಹೆಡ್‌ಮೇಷ್ಟ್ರು ಎಂದರೆ ಕೈಯಲ್ಲಿ ಬೆತ್ತ, ಪ್ರಾರ್ಥನೆಯ ಹೊತ್ತಿಗೆ ಭಾಷಣ, ಉಳಿದ ಹೊತ್ತು ಕೋಣೆಯಲ್ಲಿ ಫೈಲು. ನ್ಯೂಜಿಲೆಂಡಿನ ಆಕ್ಲೆಂಡ್‌ನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಲೆಕ್ಕ ಹಾಕಿದಾಗ, ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ಸಹಾಯವಾದದ್ದು ಒಂದೇ ಸಂಗತಿ: ಶಿಕ್ಷಕರು ಕಲಿಯುವ ಕಡೆ ಮುಖ್ಯೋಪಾಧ್ಯಾಯರೂ ಜೊತೆಯಲ್ಲಿ ಕೂತು ಕಲಿಯುವುದು. ತರಬೇತಿಗೆ ಬೇರೆಯವರನ್ನು ಕಳುಹಿಸಿ ತಾವು ಆಫೀಸಿನಲ್ಲಿ ಉಳಿಯುವುದಲ್ಲ, ತಾವೂ ಬೆಂಚಿನಲ್ಲಿ ಕೂರುವುದು.

ಇದನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದವರಲ್ಲಿ ಮುಖ್ಯರು ಟಿಮ್ ಬ್ರಿಗ್‌ಹೌಸ್. 1993ರಿಂದ ಬರ್ಮಿಂಗ್‌ಹ್ಯಾಮ್ ಶಾಲೆಗಳ ಮುಖ್ಯ ಶಿಕ್ಷಣಾಧಿಕಾರಿಯಾಗಿದ್ದ ಅವರು ಶಿಕ್ಷಕರಿಗೆ ತಮ್ಮ ಕೈಬರಹದಲ್ಲೇ ಮೆಚ್ಚುಗೆಯ ಪತ್ರ ಬರೆಯುವುದಕ್ಕೆ ಹೆಸರಾಗಿದ್ದರು. 2002ರಿಂದ 2007ರವರೆಗೆ ಲಂಡನ್ ಶಾಲೆಗಳ ಕಮಿಷನರ್ ಆದರು, 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಜೂಡಿತ್ ಲಿಟಲ್ ಎಂಬ ಅಮೆರಿಕದ ಸಂಶೋಧಕಿ ಹೇಳಿದ ನಾಲ್ಕು ಗುರುತುಗಳನ್ನು ಅವರು ಹೋದಲ್ಲೆಲ್ಲ ನೆನಪಿಸುತ್ತಿದ್ದರು. ಒಳ್ಳೆಯ ಶಾಲೆಯಲ್ಲಿ ಶಿಕ್ಷಕರು ಪಾಠ ಹೇಳುವುದರ ಬಗ್ಗೆ ತಮ್ಮಲ್ಲೇ ಮಾತನಾಡುತ್ತಾರೆ, ಒಬ್ಬರ ತರಗತಿಯಲ್ಲಿ ಒಬ್ಬರು ಕೂತು ನೋಡುತ್ತಾರೆ, ಪಾಠವನ್ನು ಒಟ್ಟಿಗೆ ಯೋಜಿಸಿ ಒಟ್ಟಿಗೆ ಒರೆಗೆ ಹಚ್ಚುತ್ತಾರೆ, ಒಬ್ಬರಿಗೊಬ್ಬರು ಕಲಿಸುತ್ತಾರೆ. ಅಷ್ಟೇ!

2003ರಲ್ಲಿ ಶುರುವಾದ ಲಂಡನ್ ಚಾಲೆಂಜ್ ಎಂಬ ಯೋಜನೆಯಲ್ಲಿ ಇದೇ ತತ್ತ್ವ ಶಾಲೆಯಿಂದ ಶಾಲೆಗೆ ಹರಡಿತು. ಒಂದೇ ಬಗೆಯ ಮಕ್ಕಳಿರುವ ಶಾಲೆಗಳನ್ನು ಒಂದು ಕುಟುಂಬವೆಂದು ಗುಂಪು ಮಾಡಿದರು. ಸೋಲುತ್ತಿರುವ ಶಾಲೆಗೆ ಬೈಯುವ ಅಧಿಕಾರಿಯ ಬದಲು, ಅಂಥದ್ದೇ ಶಾಲೆಯನ್ನು ಗೆಲ್ಲಿಸಿದ ಅನುಭವಿ ಮುಖ್ಯೋಪಾಧ್ಯಾಯರನ್ನು ನೆರವಿಗೆ ಕಳುಹಿಸಿದರು. ಯೋಜನೆ ಶುರುವಾದಾಗ ಲಂಡನ್ನಿನ ಸೆಕೆಂಡರಿ ಶಾಲೆಗಳು ದೇಶದ ಸರಾಸರಿಗಿಂತ ಹಿಂದೆ ಇದ್ದವು. 2010ರ ಹೊತ್ತಿಗೆ ಸರಾಸರಿಯನ್ನು ದಾಟಿದ್ದವೆಂದು ಆಫ್‌ಸ್ಟೆಡ್ ವರದಿಯೇ ಹೇಳಿತು. 2011ರಲ್ಲಿ ಯೋಜನೆ ಮುಗಿಯಿತು. ಇದೆಲ್ಲ ಆ ಒಂದು ಯೋಜನೆಯಿಂದಲೇ ಆಯಿತೆಂದು ಎಲ್ಲರೂ ಒಪ್ಪುವುದಿಲ್ಲ. ವಲಸೆ ಬಂದ ಕುಟುಂಬಗಳ ಮಕ್ಕಳ ಓದಿನ ಹಂಬಲವೇ ಮುಖ್ಯ ಕಾರಣವೆಂದು ವಾದಿಸಿದವರಿದ್ದಾರೆ, ಪ್ರೈಮರಿ ಶಾಲೆಗಳು ಮೊದಲೇ ಸುಧಾರಿಸಿದ್ದವು ಎಂದವರೂ ಇದ್ದಾರೆ. ಆದರೂ ಶಿಕ್ಷಕರು ತಮ್ಮ ತರಗತಿಯ ಬಾಗಿಲು ತೆರೆದದ್ದರ ಲಾಭವನ್ನು ಅದರಲ್ಲಿ ಕೆಲಸ ಮಾಡಿದ ನುರಿತವರು ಇಂದಿಗೂ ನೆನೆಯುತ್ತಾರೆ.

ನಮ್ಮ ಭಾನುವಾರದ ತರಗತಿ

ಈಗ ನನ್ನ ಕಥೆಗೆ ಬರುತ್ತೇನೆ. ಹಾಲ್ ಒಂದರ ಹಿಂದಿನ ಕೋಣೆಯಲ್ಲಿ ನಾವು ಮೂರು ಜನ ಸ್ವಯಂಸೇವಕರು ಸೇರಿ ಕನ್ನಡ ತರಗತಿ ಶುರು ಮಾಡಿದೆವು. ಮೊದಲ ಭಾನುವಾರ ಹದಿನಾಲ್ಕು ಮಕ್ಕಳು. ನಾನು ಸಿಸ್ತಾಗಿ ಅ ಆ ಇ ಈ ಇಂದ ಶುರು ಮಾಡಿ, ವಾರಕ್ಕಿಷ್ಟು ಎಂದು ನಲವತ್ತೊಂಬತ್ತು ಅಕ್ಷರಗಳ ಚಾರ್ಟು ಗೋಡೆಗೆ ಹಚ್ಚಿದೆ. ಫೆಬ್ರವರಿ ಹೊತ್ತಿಗೆ ಮಕ್ಕಳು ಆರು. ಈಜು ಕ್ಲಾಸು, ಫುಟ್‌ಬಾಲು, ಇಲೆವೆನ್ ಪ್ಲಸ್ ಟ್ಯೂಷನ್ನು ಎಂದು ನಾವು ಅವನ್ನೆಲ್ಲ ದೂರಿದೆವು. "ಈಗಿನ ತಂದೆತಾಯಿಗಳಿಗೆ ಕನ್ನಡದ ಮೇಲೆ ಅಭಿಮಾನ ಇಲ್ಲ" ಎಂದೂ ಅಂದೆವು.

ಅದೇ ಸಮಯಕ್ಕೆ ಹಾಸನದ ಕಡೆಯ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಒಬ್ಬರು ಮಗಳ ಬಾಣಂತನಕ್ಕೆಂದು ಇಲ್ಲಿಗೆ ಬಂದಿದ್ದರು. ಒಂದು ಭಾನುವಾರ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಮುಂದಿನ ವಾರವೂ ಬಂದರು. ಏನೂ ಹೇಳಲಿಲ್ಲ. ಮೂರನೆಯ ವಾರ ನಾನೇ ಕೇಳಿದೆ, "ಹೇಗಿತ್ತು ಮೇಡಂ?"

"ನೀವು ಪಾಠ ಚೆನ್ನಾಗಿ ಮಾಡ್ತೀರಮ್ಮ. ಆದ್ರೆ ಒಂದು ಗಂಟೇಲಿ ಮಕ್ಕಳ ಬಾಯಿಂದ ಎಷ್ಟು ಕನ್ನಡ ಬಂತು ಅಂತ ಲೆಕ್ಕ ಇಟ್ಟಿದ್ರಾ? ನಾನು ಇಟ್ಟಿದ್ದೆ. ಆ ಕಿಟಕಿ ಪಕ್ಕದ ಹುಡುಗಿ ಒಂದು ಮಾತೂ ಆಡ್ಲಿಲ್ಲ. ಮೂರು ವಾರದಿಂದ್ಲೂ."

ನನಗೆ ಮುಖ ಸಣ್ಣದಾಯಿತು. ಆ ಹುಡುಗಿಯ ಹೆಸರು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. ವಿಚಾರಿಸಿದಾಗ, ಮನೆಯಲ್ಲಿ ಅಜ್ಜಿಯ ಜೊತೆ ಫೋನಿನಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಕ್ಲಾಸಿನಲ್ಲಿ ತಪ್ಪಾದರೆ ನಗುತ್ತಾರೆಂದು ಹೆದರುತ್ತಾಳೆ ಎಂದು ಅವಳ ಅಮ್ಮ ಹೇಳಿದರು. ಮೂರು ಸೆಕೆಂಡ್ ಕಾಯುವುದನ್ನೂ ಆ ಟೀಚರಮ್ಮನೇ ನನಗೆ ಹೇಳಿಕೊಟ್ಟರು. ಅಮೆರಿಕದ ಸಂಶೋಧನೆಯನ್ನು ಅವರು ಓದಿರಲಿಲ್ಲ, ಮೂವತ್ತು ವರ್ಷದ ತರಗತಿಯಲ್ಲಿ ಕಂಡುಕೊಂಡಿದ್ದರು.

ಅಕ್ಷರಮಾಲೆಯ ವಿಷಯಕ್ಕೆ ಅವರು ನೆನಪಿಸಿದ್ದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ಕಣ್ಣಾರೆ ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕಾರ್ಡುಗಳನ್ನೂ ಕಲಿಕೆಯ ಮೆಟ್ಟಿಲುಗಳನ್ನೂ ತಯಾರಿಸಿ ಈ ಪದ್ಧತಿ ಕಟ್ಟಿದರು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಏರುತ್ತದೆ. ಅಕ್ಷರಗಳೂ ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಇಂಥವು ಮೊದಲು ಬರುತ್ತವೆ. ಏಕೆಂದರೆ ಈ ಐದೇ ಅಕ್ಷರ ಬಂದರೆ ಸಾಕು, ಸರ, ರಸ, ದರ, ಅರಸ, ಅಗಸ, ಗರಗಸ, ದಸರ ಎಂದು ಮಗು ಮೊದಲ ವಾರವೇ ಪದ ಓದುತ್ತದೆ! 2009ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಶಿಕ್ಷಕರೇ ಕಟ್ಟಿದ್ದು ಮೇಲಿನಿಂದ ಬಂದ ಆದೇಶವಾದಾಗ ಅದೇ ಹುರುಪು ಎಲ್ಲ ಕಡೆ ಉಳಿಯಲಿಲ್ಲ ಎಂದು ಟೀಚರಮ್ಮ ಹೇಳಿದರು. ಅದೂ ನಾಯಕತ್ವದ ಪಾಠವೇ ಅಲ್ಲವೇ?

ನಾವು ಚಾರ್ಟು ಇಳಿಸಿದೆವು. ಮೂವರೂ ಸರದಿಯ ಮೇಲೆ ಒಬ್ಬರ ಪಾಠದಲ್ಲಿ ಒಬ್ಬರು ಹಿಂದೆ ಕೂರತೊಡಗಿದೆವು. ಮೊದಮೊದಲು ಬಹಳ ಮುಜುಗರ. ಐಟಿ ಕಂಪನಿಯಲ್ಲಿ ಕೋಡ್ ರಿವ್ಯೂ ಮಾಡಿಸಿಕೊಳ್ಳುವ ನಮಗೇ ಪಾಠದ ರಿವ್ಯೂ ಎಂದರೆ ಅವಮಾನ ಎನಿಸಿತು. ಈಗ ಅಭ್ಯಾಸವಾಗಿದೆ. ಹೋದ ಮಕ್ಕಳೆಲ್ಲ ತಿರುಗಿ ಬಂದರು ಎಂದು ಸುಳ್ಳು ಹೇಳುವುದಿಲ್ಲ. ಈಗ ಒಂಬತ್ತು ಮಕ್ಕಳಿದ್ದಾರೆ. ಕಿಟಕಿ ಪಕ್ಕದ ಹುಡುಗಿ ಹೋದ ತಿಂಗಳು ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆದಳು. ಕನ್ನಡಕ್ಕೆ ಇಲ್ಲಿ ಜಿಸಿಎಸ್ಇ ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ನಮ್ಮ ತರಗತಿಗೆ ಮಗು ಬರಬೇಕಾದರೆ ಅಲ್ಲಿ ಕಲಿಯುವ ಸುಖ ಇರಲೇಬೇಕು, ಬೇರೆ ಯಾವ ಆಮಿಷವೂ ನಮ್ಮ ಕೈಯಲ್ಲಿಲ್ಲ.

ಓಪನ್ ಈವ್‌ನಿಂಗ್‌ಗೆ ಹೋದಾಗ

ಹಾಗಾಗಿ, ಈ ಬಾರಿ ಶಾಲೆ ನೋಡಲು ಹೋಗುವ ಬಂಧುಗಳಿಗೆ ನನ್ನದೊಂದು ಸಲಹೆ. ರಿಪೋರ್ಟ್ ಕಾರ್ಡ್ ಓದಿ, ಫಲಿತಾಂಶವನ್ನೂ ನೋಡಿ, ಅದು ಬೇಡವೆನ್ನುವುದಿಲ್ಲ. ಜೊತೆಗೆ ಇವನ್ನೂ ಕೇಳಿ, ಗಮನಿಸಿ:

• ಮುಖ್ಯೋಪಾಧ್ಯಾಯರು ಕಾರಿಡಾರಿನಲ್ಲಿ ನಡೆಯುವಾಗ ಮಕ್ಕಳ ಹೆಸರು ಹಿಡಿದು ಮಾತಾಡಿಸುತ್ತಾರೆಯೇ? ಮಕ್ಕಳು ಹೆದರದೆ ಉತ್ತರಿಸುತ್ತಾರೆಯೇ?

• ಹೊಸದಾಗಿ ಸೇರಿದ ಶಿಕ್ಷಕರಿಗೆ ಯಾರು ಸಹಾಯ ಮಾಡುತ್ತಾರೆ? ಹಳಬರ ಪಾಠ ನೋಡಲು ಅವರಿಗೆ ಸಮಯ ಕೊಡುತ್ತಾರೆಯೇ?

• ಶಿಕ್ಷಕರು ಈ ಶಾಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತಾರೆಯೇ, ಬಂದ ಹಾಗೇ ಹೋಗುತ್ತಾರೆಯೇ?

• ಮಗುವಿನ ನೋಟ್ ಪುಸ್ತಕದಲ್ಲಿ ಬರೀ ಟಿಕ್ ಮಾರ್ಕು ಇದೆಯೇ, ಮುಂದೆ ಏನು ಮಾಡಬೇಕೆಂಬ ಮಾತೂ ಇದೆಯೇ?

• ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ಬಂದರೆ ಆ ಭಾಷೆಯನ್ನು ತೊಡಕೆಂದು ನೋಡುತ್ತಾರೆಯೇ, ಆಸ್ತಿಯೆಂದೇ?

ಇವೆಲ್ಲವನ್ನೂ ಒಂದೇ ಪ್ರಶ್ನೆಯಾಗಿ ಕೇಳುವುದಾದರೆ ಹೀಗೆ ಕೇಳಬಹುದು: ಈ ಶಾಲೆಯಲ್ಲಿ ಕಲಿಸುವವರೂ ಕಲಿಯುತ್ತಿದ್ದಾರೆಯೇ? ಹೌದು ಎಂದಾದರೆ ಧೈರ್ಯವಾಗಿ ಸೇರಿಸಿ.

ನಮ್ಮ ಭಾನುವಾರದ ತರಗತಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಬಿಡುವಿದ್ದವರು ಒಂದು ದಿನ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ. ಊರಿನಿಂದ ಬಂದಿರುವ ನಿಮ್ಮ ತಂದೆತಾಯಿ ಶಿಕ್ಷಕರಾಗಿದ್ದರೆ ಅವರನ್ನು ತಪ್ಪದೇ ಕರೆತನ್ನಿ. ಕಾಫಿ ನಮ್ಮದು, ಸಲಹೆ ಅವರದು!